ಮಾಕಳಿ ಮಾವನ ಕೈಮಾತು

ನನ್ನ ಹೆಂಡತಿ ನನ್ನ ಅಕ್ಕನ ಮಗಳು. ಅವಳು ಹುಟ್ಟಿದಾಗ ನನಗೆ ಹನ್ನೊಂದು ವರ್ಷ. ಹೆರಿಗೆಗೆಂದು ಅಕ್ಕ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಹನ್ನೊಂದನೆಯ ದಿನ ನಮ್ಮವ್ವ ಆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ತೊಡೆಯ ಮೇಲಿಟ್ಟು, "ತಗಳ್ಳಪ್ಪ, ನಿನ್ ಎಂಡ್ತಿ" ಎಂದು ನಕ್ಕಳು. ಬಂದಿದ್ದ ನೆಂಟರೆಲ್ಲ ನಕ್ಕರು. ನಾನು ನಾಚಿಕೊಂಡು ಕೂಸನ್ನು ಅಲ್ಲೇ ಚಾಪೆಯ ಮೇಲೆ ಬಿಟ್ಟು ಹೊರಗೆ ಓಡಿದೆ. ನಮ್ಮ ಕಡೆ ಇಂಥ ತಮಾಷೆಗಳು ತಮಾಷೆಯಾಗಿ ಉಳಿಯುವುದಿಲ್ಲ. ಅವಳಿಗೆ ಇಪ್ಪತ್ತು ತುಂಬಿದ ವರ್ಷ ನಮ್ಮ ಮದುವೆಯಾಯಿತು. ಅಕ್ಕ ನನಗೆ ಅತ್ತೆಯಾದಳು, ಅವ್ವ ಮೊಮ್ಮಗಳಿಗೆ ಅತ್ತೆಯಾದಳು. ಹೆಂಡತಿ ಮಾತ್ರ ನನ್ನನ್ನು ಮೊದಲಿನ ಹಾಗೆಯೇ ಮಾಮ ಎಂದು ಕರೆಯುತ್ತಾಳೆ. ಮದುವೆಗೆ ಮುಂಚೆ "ನೀನು" ಎನ್ನುತ್ತಿದ್ದವಳು ಆಮೇಲೆ "ನೀವು" ಎನ್ನತೊಡಗಿದಳು, ಅಷ್ಟೇ ವ್ಯತ್ಯಾಸ.

ಮದುವೆಯ ಮಾತುಕತೆ ನಡೆಯುತ್ತಿದ್ದ ದಿನಗಳಲ್ಲಿ ಒಂದು ಸಲ ನಾನು ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಒಳಗೆ ಅಡುಗೆಮನೆಯಲ್ಲಿ ಅವಳು ತಾಯಿಗೆ ಹೇಳುತ್ತಿದ್ದುದು ಕೇಳಿಸಿತು.

"ಅಮ್ಮ, ನಮ್ ಬಯಾಲಜಿ ಪುಸ್ತಕದಲ್ಲಿ ಹತ್ರದ ಸಂಬಂಧ ಬೇಡ ಅಂತ ಇದೆ ಕಣಮ್ಮ."

"ಪುಸ್ತಕ ಬರ್ದೋರ್ಗೆ ನಮ್ಮನೆ ವಿಷ್ಯ ಏನ್ ಗೊತ್ತು?" ಎಂದಳು ಅಕ್ಕ. "ನಿಮ್ಮ ತಾತ, ಮುತ್ತಾತ ಎಲ್ಲಾ ಇಂಗೇ ಮದ್ವೆ ಆಗಿರೋದು. ಏನಾಗೈತೆ ಈಗ?"

ನಾನು ಅನ್ನ ಕಲಸುತ್ತ ನಕ್ಕೆ. ಜೋರಾಗಿಯೇ ನಕ್ಕೆ. ಆ ನಗು ಒಳಗೆ ಅವಳಿಗೂ ಕೇಳಿಸಿತ್ತು ಎಂಬುದು ನನಗೆ ಗೊತ್ತಾಗಿದ್ದು ವರ್ಷಗಳಾದ ಮೇಲೆ.

ನಾನು ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುವ ಫಿಟ್ಟರ್. ನನ್ನ ಕೆಲಸದಲ್ಲಿ ಕಿವಿಯೇ ಮುಖ್ಯ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಯಂತ್ರದ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ, ಒಳಗಿನ ಬೇರಿಂಗು ಚೆನ್ನಾಗಿದೆಯೋ ಸವೆದಿದೆಯೋ ಗೊತ್ತಾಗುತ್ತದೆ. ಇದರಲ್ಲಿ ನನಗೆ ಒಳ್ಳೆಯ ಹೆಸರಿದೆ. ಕಾರ್ಖಾನೆಯ ಬೇರೆ ವಿಭಾಗದವರೂ ಬಂದು ಕರೆದುಕೊಂಡು ಹೋಗುತ್ತಾರೆ. ಅಂಥವನ ಮನೆಯಲ್ಲಿ, ಮದುವೆಯಾಗಿ ಎಂಟು ವರ್ಷಕ್ಕೆ ಮಗಳು ಹುಟ್ಟಿ, ಏಳು ತಿಂಗಳಾದರೂ ಅವಳಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನಗೆ ತಿಳಿಯಲಿಲ್ಲ.

ಆ ಫೆಬ್ರವರಿಯಲ್ಲಿ ಯಲಹಂಕದ ಏರ್ ಶೋ ಇತ್ತು. ಅಭ್ಯಾಸಕ್ಕೆಂದು ವಿಮಾನಗಳು ಬೆಳಗ್ಗೆಯಿಂದ ನಮ್ಮ ತಲೆಯ ಮೇಲೆ ಹಾಯುತ್ತಿದ್ದವು. ಕಿಟಕಿಯ ಗಾಜು ಅದುರುತ್ತಿತ್ತು, ಬೀದಿನಾಯಿಗಳು ಕಾರಿನ ಕೆಳಗೆ ಸೇರಿಕೊಳ್ಳುತ್ತಿದ್ದವು, ಪಕ್ಕದ ಮನೆಯ ಮಕ್ಕಳು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದರು. ನನ್ನ ಮಗಳು ತೊಟ್ಟಿಲಲ್ಲಿ ಹಾಯಾಗಿ ಮಲಗಿರುತ್ತಿದ್ದಳು. "ಎಂಥಾ ಗಟ್ಟಿ ಮಗು ಗುರು, ಜೆಟ್ ಹೋದ್ರೂ ಏಳಲ್ಲ" ಎಂದು ನಾನು ಕ್ಯಾಂಟೀನಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ.

ಹೆಂಡತಿ ಜಂಬಪಡಲಿಲ್ಲ. ಒಂದು ಭಾನುವಾರ ಮಗುವನ್ನು ಚಾಪೆಯ ಮೇಲೆ ಕೂರಿಸಿ, ಅದರ ಬೆನ್ನ ಹಿಂದೆ ನಿಂತು, ಸ್ಟೀಲ್ ತಟ್ಟೆಯನ್ನು ಎತ್ತರದಿಂದ ಕೈಬಿಟ್ಟಳು. ತಟ್ಟೆ ಗಿರಗಿರನೆ ಸುತ್ತಿ ನಿಂತಿತು. ಮಗು ತನ್ನ ಕಾಲ್ಬೆರಳನ್ನು ಹಿಡಿದು ಆಡುತ್ತಿತ್ತು. ಇನ್ನೊಂದು ಸಲ ಬೀಳಿಸಿದಳು.

"ತಟ್ಟೆ ಯಾಕೆ ಬೀಳುಸ್ತೀಯೇ? ಮಗ ಬೆಚ್ ಬೀಳ್ತದೆ" ಎಂದು ಅವ್ವ ಒಳಗಿನಿಂದ ಗದರಿದಳು.

"ಬೆಚ್ಚಲ್ಲ ಅಜ್ಜಿ" ಎಂದಳು ಹೆಂಡತಿ. "ಅದನ್ನೇ ನೋಡ್ತಿದೀನಿ."

ಆಸ್ಪತ್ರೆಯಲ್ಲಿ ಮಗುವಿಗೆ ಸಿರಪ್ ಕುಡಿಸಿ ಮಲಗಿಸಿ, ಹಣೆಗೂ ಕಿವಿಯ ಹಿಂದಕ್ಕೂ ಪುಟ್ಟ ವೈರುಗಳನ್ನು ಅಂಟಿಸಿದರು. ಶಬ್ದ ಕೊಟ್ಟಾಗ ಮೆದುಳಿನವರೆಗೆ ಹೋಗುತ್ತದೆಯೇ ಎಂದು ನೋಡುವ ಪರೀಕ್ಷೆ. ಅಲ್ಲಿದ್ದ ಹುಡುಗಿ ಮೊದಲು ಬೇರೆ ಯಾವುದೋ ಮಗುವಿನ ಕಾಗದ ತೋರಿಸಿದಳು. ಅದರಲ್ಲಿ ಗೆರೆ ಸಣ್ಣ ಸಣ್ಣ ಗುಡ್ಡಗಳ ಹಾಗೆ ಏರಿ ಇಳಿದಿತ್ತು. ಆಮೇಲೆ ನಮ್ಮದನ್ನು ತೋರಿಸಿದಳು. ಸ್ಕೇಲ್ ಇಟ್ಟು ಎಳೆದ ಹಾಗೆ ನೇರ ಗೆರೆ. ಶಬ್ದ ಹೆಚ್ಚಿಸುತ್ತ ಹೋದರು. ಕೊನೆಯವರೆಗೂ ನೇರವಾಗಿಯೇ ಇತ್ತು. ಡಾಕ್ಟರು ಕಾಗದ ನೋಡಿ ಮೊದಲು ಕೇಳಿದ್ದು, "ಸಂಬಂಧದಲ್ಲಿ ಮದುವೆನಾ?"

ವಾಪಸ್ಸು ಬರುವಾಗ ಆಟೋದಲ್ಲಿ ಮಗು ಇನ್ನೂ ನಿದ್ದೆಯ ಮಂಪರಿನಲ್ಲಿ ಹೆಂಡತಿಯ ತೋಳಿನಲ್ಲಿ ಒರಗಿತ್ತು. ಯಶವಂತಪುರ ದಾಟಿದ ಮೇಲೆ ಹೊರಗೆ ನೋಡುತ್ತಲೇ ಕೇಳಿದಳು.

"ಮಾಮ, ಅವತ್ತು ನಾನು ಪುಸ್ತಕದ್ದು ಹೇಳ್ದಾಗ ನೀನು ನಕ್ಕಿದ್ಯಲ್ಲ. ಯಾಕೆ ನಕ್ಕೆ?"

ಮದುವೆಯಾದ ಮೇಲೆ ಅವಳು ನನ್ನನ್ನು "ನೀನು" ಎಂದದ್ದು ಅದೇ ಮೊದಲು.

ಮಗುವಿಗೆ ಎರಡೂ ಕಿವಿಗೆ ಮೆಷಿನ್ ಹಾಕಿದರು. ಪ್ರಯೋಜನ ಅಷ್ಟಕ್ಕಷ್ಟೇ. ಆಪರೇಷನ್ ಮಾಡಿ ಕಿವಿಯೊಳಗೆ ಸಾಧನ ಕೂರಿಸಬೇಕು, ಅದಕ್ಕೆ ಕಾಯಬೇಕು ಎಂದರು. ಅದಕ್ಕೂ ಮೊದಲು ವಂಶದ ವಿವರ ಬರೆದುಕೊಳ್ಳುವ ಒಬ್ಬ ಮೇಡಂ ಹತ್ತಿರ ಕಳಿಸಿದರು. ಹಳೆಯದೆಲ್ಲ ಅವ್ವನಿಗೇ ಗೊತ್ತು ಎಂದು ಅವಳನ್ನೂ ಕರೆದುಕೊಂಡು ಹೋದೆವು.

ಆ ಮೇಡಂ ದೊಡ್ಡ ಬಿಳಿ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂತರು. ಹೆಂಗಸರಿಗೆ ಒಂದು ದುಂಡು, ಗಂಡಸರಿಗೆ ಒಂದು ಚೌಕ. ಗಂಡ ಹೆಂಡತಿಯ ನಡುವೆ ಒಂದು ಗೆರೆ. ಅವರು ಮೊದಲೇ ಸಂಬಂಧಿಗಳಾಗಿದ್ದರೆ ಎರಡು ಗೆರೆ.

"ನಿಮ್ಮ ಕಡೆ ಹುಟ್ಟಿನಿಂದ ಕಿವಿ ಕೇಳಿಸದವರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು.

"ಯಾರೂ ಇಲ್ಲ ಮೇಡಂ" ಎಂದೆ ನಾನು. ಅವ್ವನೂ ತಲೆ ಅಲ್ಲಾಡಿಸಿ, "ನಮ್ಮೋರಾಗೆ ಯಾರೂ ಇಲ್ಲ ತಾಯಿ" ಎಂದಳು.

ಆಮೇಲೆ ಅವ್ವ ಹೇಳತೊಡಗಿದಳು. ನನ್ನದು, ತಮ್ಮನದು, ಅಕ್ಕನದು, ಅಪ್ಪನದು, ಅಪ್ಪನ ಅಪ್ಪನದು. ಅವ್ವ ಶಾಲೆಗೆ ಹೋದವಳಲ್ಲ. ಸಹಿ ಮಾಡಲೂ ಬರುವುದಿಲ್ಲ. ಆದರೆ ಅವಳ ಬಾಯಿಂದ ಜನ ಒಬ್ಬರ ಹಿಂದೊಬ್ಬರು ಸಾಲಾಗಿ ಬಂದರು. ಯಾರು ಯಾರಿಗೆ ಯಾವ ಕಡೆಯಿಂದ ಏನಾಗಬೇಕು, ಯಾರ ಎರಡನೇ ಮಗಳು ಯಾರ ಮನೆಗೆ ಹೋದಳು, ಯಾವ ಕೂಸು ಹೆಸರಿಡುವ ಮುಂಚೆಯೇ ಹೋಯಿತು, ಆಗ ಹೊಲದಲ್ಲಿ ರಾಗಿ ತೆನೆ ಕಟ್ಟಿತ್ತೋ ಇಲ್ಲವೋ, ಎಲ್ಲವನ್ನೂ ಹೇಳಿದಳು. ಹೆಸರಿಲ್ಲದ ಕೂಸುಗಳನ್ನೂ ಬಿಡಲಿಲ್ಲ. ಮೇಡಂಗೆ ಹಾಳೆ ಸಾಲದೆ ಇನ್ನೊಂದನ್ನು ಪಕ್ಕಕ್ಕೆ ಅಂಟಿಸಿದರು. ಎರಡೆರಡು ಗೆರೆಗಳು ಹಾಳೆಯ ತುಂಬ ತುಂಬಿದವು. ಈಗ ಅಪಾರ್ಟ್‌ಮೆಂಟುಗಳು ನಿಂತಿರುವ ಹೊಲಗಳಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಹೆತ್ತು ಹೋದ ಅಷ್ಟೂ ಜನ ಆ ಮೇಜಿನ ಮೇಲೆ ಇದ್ದಾರೆ ಅನ್ನಿಸಿತು. ಇವಳ ತಲೆಯಲ್ಲಿ ಇಷ್ಟೆಲ್ಲ ಇತ್ತು, ನಾನು ಒಂದು ದಿನವೂ ಕೇಳಿರಲಿಲ್ಲ.

"ಈಗ ನಿಮ್ಮ ಒಡಹುಟ್ಟಿದವರನ್ನ ಹೇಳಿ ಅಮ್ಮ" ಎಂದರು ಮೇಡಂ.

ಅವ್ವ ಬೆರಳು ಮಡಿಸುತ್ತ ತನ್ನ ಅಣ್ಣನನ್ನೂ ಇಬ್ಬರು ತಂಗಿಯರನ್ನೂ ಹೆಸರು ಹಿಡಿದು ಹೇಳಿದಳು. "ಕಡೇಗೊಬ್ಬ ತಮ್ಮ ಅವ್ನೆ, ಮಾಕಳೀಲಿ. ಮೂಗಪ್ಪ."

ಮೇಡಂ ಪೆನ್ಸಿಲ್ ನಿಲ್ಲಿಸಿ ತಲೆಯೆತ್ತಿದರು. "ಅದು ಅವರ ಹೆಸರಾ ಅಮ್ಮ?"

ನಾನು ಅವ್ವನ ಮುಖ ನೋಡಿದೆ, ಅವ್ವ ನನ್ನ ಮುಖ ನೋಡಿದಳು. ಮಾಕಳಿ ಮಾವ ನನಗೆ ಹುಟ್ಟಿದಾಗಿನಿಂದ ಗೊತ್ತು. ಪ್ರತಿ ಗೌರಿ ಹಬ್ಬಕ್ಕೆ ಅವ್ವನಿಗೆ ಬಾಗಿನ ತರುತ್ತಿದ್ದರು. ಜಗುಲಿಯ ಮೇಲೆ ಕೂರುತ್ತಿದ್ದರು, ಹೋಳಿಗೆ ಉಣ್ಣುತ್ತಿದ್ದರು, ಎದ್ದು ಹೋಗುತ್ತಿದ್ದರು. ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರನ್ನು ಎಲ್ಲರೂ ಮೂಗಪ್ಪ ಎಂದು ಎಷ್ಟು ವರ್ಷ ಕರೆದಿದ್ದರೆಂದರೆ, ಆ ಮಾತಿಗೆ ಒಂದು ಅರ್ಥವಿದೆ ಎಂಬುದೇ ನಮಗೆ ಮರೆತುಹೋಗಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಅವರು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ಮೇಡಂ ಆ ಚೌಕಕ್ಕೆ ಪೆನ್ಸಿಲ್ಲಿನಿಂದ ಕಪ್ಪು ತುಂಬಿದರು. ಹಾಳೆಯ ತೀರಾ ಕೆಳಗೆ ನನ್ನ ಮಗಳ ದುಂಡು ಆಗಲೇ ಕಪ್ಪಾಗಿತ್ತು. ಅಷ್ಟು ದೊಡ್ಡ ಹಾಳೆಯಲ್ಲಿ ಅವೆರಡೇ.

ರಕ್ತದ ವರದಿ ಬಂದ ಮೇಲೆ ಮೇಡಂ ಬಿಡಿಸಿ ಹೇಳಿದರು. ದೇಹದ ಒಂದೊಂದು ಕೆಲಸಕ್ಕೂ ನಮ್ಮೊಳಗೆ ವಂಶವಾಹಿಯ ಎರಡು ಪ್ರತಿ ಇರುತ್ತವಂತೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಕೆಟ್ಟಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕೆಟ್ಟವೇ ಸೇರಿದರೆ ಮಾತ್ರ ಕೆಲಸ ನಿಲ್ಲುತ್ತದೆ. ಇದು ಹೊರಗಿನವರನ್ನು ಮದುವೆಯಾದರೂ ಆಗಬಹುದು. ಸಂಬಂಧದವರನ್ನು ಮದುವೆಯಾದ ಎಲ್ಲರಿಗೂ ಆಗುತ್ತದೆ ಎಂದೂ ಇಲ್ಲ. ಆದರೆ ಒಂದೇ ಮನೆಯೊಳಗೆ ಕೊಟ್ಟು ತಂದರೆ, ಒಬ್ಬರದೇ ಆ ಕೆಟ್ಟ ಪ್ರತಿ ಎರಡು ದಾರಿಯಲ್ಲಿ ಬಂದು ಒಂದೇ ಮಗುವಿನಲ್ಲಿ ಸೇರುವ ಸಂಭವ ಜಾಸ್ತಿ. ನಮ್ಮಲ್ಲಿ ಹಾಗೆಯೇ ಆಗಿತ್ತು. ಅವ್ವನಿಂದ ನೇರವಾಗಿ ನನಗೆ. ಅವ್ವನಿಂದ ಅಕ್ಕನಿಗೆ, ಅಕ್ಕನಿಂದ ನನ್ನ ಹೆಂಡತಿಗೆ. ಆಮೇಲೆ ನಮ್ಮಿಬ್ಬರಿಂದ ಮಗಳಿಗೆ.

"ಅಂಗಾರೆ ನನ್ನಿಂದ್ಲಾ?" ಎಂದಳು ಅವ್ವ.

"ನಿಮಗೂ ಯಾರೋ ಕೊಟ್ಟಿದ್ದೇ ಅಮ್ಮ. ಅವರಿಗೂ ಗೊತ್ತಿರಲಿಲ್ಲ. ಯಾರ ತಪ್ಪೂ ಇಲ್ಲ" ಎಂದರು ಮೇಡಂ.

ಅವ್ವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಏನೋ ಯೋಚನೆಯಲ್ಲಿ ಬಾಗಿಲಲ್ಲಿ ಕೂತಿರುತ್ತಿದ್ದಳು. ನಾಲ್ಕನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಬಂದು, "ಮಗೀನ ಮಾಕಳಿಗೆ ಕರ್ಕೊಂಡೋಗಾನ ನಡೀರಿ" ಎಂದಳು.

ಮಾಕಳಿ ಮಾವ ತಮ್ಮ ಅಣ್ಣನ ಮಗನ ಮನೆಯ ಹಿತ್ತಲಿನಲ್ಲಿದ್ದ ಒಂದು ಕೋಣೆಯಲ್ಲಿ ಇದ್ದರು. ಮದುವೆ ಆಗಿರಲಿಲ್ಲ. ಆಗ ಅವರಿಗೆ ಎಪ್ಪತ್ತು ದಾಟಿತ್ತೇನೋ. ಪಂಪ್‌ಸೆಟ್ ಮೋಟಾರು ರಿಪೇರಿ ಅವರ ಜೀವನದ ಕೆಲಸ. ನಮ್ಮನ್ನು ನೋಡಿ ಗಾಬರಿಯಾದರು. ಹಬ್ಬವಲ್ಲ ಹುಣ್ಣಿಮೆಯಲ್ಲ, ತಮ್ಮ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಾಳೆ. ಅವ್ವ ಮಗುವನ್ನು ತೋರಿಸಿ, ತನ್ನ ಕಿವಿ ಮುಟ್ಟಿ, ಅಂಗೈ ಅಲ್ಲಾಡಿಸಿದಳು. ಇಲ್ಲ ಎಂಬಂತೆ.

ಮಾವ ಮಗುವನ್ನು ಕೂರಿಸಿದ್ದ ಮರದ ಮಂಚದ ಹತ್ತಿರ ಬಂದು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಮಗು ಆ ಕಡೆ ತಿರುಗಿಕೊಂಡು ಗೋಡೆಯ ಮೇಲಿನ ಇರುವೆ ನೋಡುತ್ತಿತ್ತು. ಮಾವ ಕರೆಯಲಿಲ್ಲ. ಅಂಗೈಯಿಂದ ಮಂಚದ ಹಲಗೆಯನ್ನು ಎರಡು ಸಲ ತಟ್ಟಿದರು.

ಮಗು ತಿರುಗಿ ನೋಡಿತು.

ನಾವು ಅದನ್ನು ಕೂಗಿ ಕೂಗಿ ಕರೆದಿದ್ದೆವು. ಚಪ್ಪಾಳೆ, ಗಿಲಕಿ, ಗಂಟೆ, ತಟ್ಟೆ. ಹಲಗೆಯ ಅದುರು ಮೈಗೆ ಗೊತ್ತಾಗುತ್ತದೆ ಎಂಬುದು ನನಗೆ, ದಿನವಿಡೀ ಯಂತ್ರ ಮುಟ್ಟುವವನಿಗೆ, ಹೊಳೆದಿರಲಿಲ್ಲ.

ಆಮೇಲಿನ ಒಂದು ಗಂಟೆಯನ್ನು ಹೇಗೆ ಹೇಳಲಿ. ಮಾವ ಹಿತ್ತಲಿನ ಹಸು ತೋರಿಸಿ ಹಣೆಯ ಪಕ್ಕ ಎರಡು ಬೆರಳು ನಿಲ್ಲಿಸಿದರು. ಮಜ್ಜಿಗೆಗೆ ಎರಡೂ ಕೈಯಲ್ಲಿ ಕಡೆಯುವ ಹಾಗೆ ಮಾಡಿದರು. ಹಾರಿಹೋದ ಕಾಗೆಗೆ ಅಂಗೈ ಊದಿ ತೋರಿಸಿದರು, ಹೋಯ್ತು ಎಂದು. ಒಂದು ಕೋಳಿಮರಿಯನ್ನು ಹಿಡಿದು ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿಟ್ಟು, ಎರಡೂ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಹುಬ್ಬು ಏರಿಸಿ, ಎಲ್ಲಿ ಎಂದು ಕೇಳಿದರು. ಮಂಕರಿ ಎತ್ತಿದಾಗ ಮಗು ಕೇಕೆ ಹಾಕಿತು. ಮತ್ತೆ ಮುಚ್ಚಿದರು, ಮತ್ತೆ ಕೇಳಿದರು. ನಮ್ಮ ಮುಖವನ್ನು ಅರೆಕ್ಷಣ ನೋಡಿ ಬೇರೆ ಕಡೆ ಹೊರಳುತ್ತಿದ್ದ ನನ್ನ ಮಗಳು ಆ ಮುದುಕರ ಕೈಗಳಿಂದ ಕಣ್ಣು ಕೀಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾವ ಬೆಲ್ಲ ತರಲು ಮುಂದಿನ ಮನೆಗೆ ಹೋದರು. ಮಗು ಖಾಲಿ ಬಾಗಿಲನ್ನು ನೋಡಿತು. ನನ್ನನ್ನು ನೋಡಿತು. ತನ್ನ ಎರಡು ಪುಟ್ಟ ಅಂಗೈಗಳನ್ನು ಮೇಲಕ್ಕೆ ತಿರುಗಿಸಿ ಹುಬ್ಬು ಏರಿಸಿತು.

ತಾತ ಎಲ್ಲಿ?

ಅದು ನನ್ನ ಮಗಳು ನನಗೆ ಕೇಳಿದ ಮೊದಲ ಪ್ರಶ್ನೆ. ಅವಳೊಳಗೆ ಪ್ರಶ್ನೆಗಳಿವೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನಾನು ಬೆಪ್ಪನ ಹಾಗೆ ನೋಡುತ್ತ ಕೂತೆ. ಉತ್ತರ ಕೊಟ್ಟದ್ದು ನನ್ನ ಹೆಂಡತಿ. ಮುಂದಿನ ಮನೆಯ ಕಡೆ ಬೆರಳು ತೋರಿಸಿ, ಬಾಯಿಗೆ ಏನೋ ಹಾಕಿಕೊಂಡು ಚಪ್ಪರಿಸುವ ಹಾಗೆ ಮಾಡಿ, ಬರ್ತಾರೆ ಎಂದು ಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಗುವಿಗೆ ಅರ್ಥವಾಯಿತು. ಬಾಗಿಲ ಕಡೆ ನೋಡುತ್ತ ಕಾಯುತ್ತ ಕೂತಿತು. ಹೆಂಡತಿ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಮಾವ ಬೆಲ್ಲ ತಂದು ಕೊಟ್ಟ ಮೇಲೆ ಅವ್ವ ಅವರ ಎದುರು ನೆಲದ ಮೇಲೆ ಕೂತಳು. ತಡವರಿಸುತ್ತ ಕೈ ಎತ್ತಿದಳು. ತಲೆಯ ಮೇಲೆ ಏನೋ ಹೊತ್ತ ಹಾಗೆ, ಜಾರಿದ ಹಾಗೆ, ನೀರಿನಲ್ಲಿ ಬಿದ್ದ ಹಾಗೆ. ಮಾವ ಕಣ್ಣರಳಿಸಿದರು. ತಾವೂ ಕೈ ಎತ್ತಿದರು. ಇಬ್ಬರ ಕೈಗಳೂ ಬೇಗ ಬೇಗ ಓಡಾಡತೊಡಗಿದವು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವ್ವನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನನ್ನ ಅವ್ವನಿಗೆ ಇನ್ನೊಂದು ಭಾಷೆ ಬರುತ್ತದೆ ಎಂದು ನಲವತ್ತು ವರ್ಷ ಅವಳ ಜೊತೆ ಬದುಕಿದ ನನಗೆ ಗೊತ್ತಿರಲಿಲ್ಲ.

"ಏನವ್ವ ಇದು? ಯಾವಾಗ ಕಲ್ತೆ?" ಎಂದೆ.

"ಕಲ್ಯಾದೇನು, ನಾವೇ ಮಾಡ್ಕಂಡಿದ್ದು. ಸಣ್ಣೋರಾಗಿದ್ದಾಗ ದನ ಕಾಯಕ್ಕೆ ಓಗ್ತಿದ್ವಲ್ಲ, ದಿನಪೂರ್ತಿ ಇಬ್ರೇ. ಇವನ ತಾವ ನಾನೊಬ್ಳೇ ಮಾತಾಡ್ತಿದ್ದೋಳು."

"ಮತ್ತೆ ಹಬ್ಬಕ್ಕೆ ಬಂದಾಗ ಯಾಕೆ ಮಾತಾಡ್ತಿರಲಿಲ್ಲ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಮದ್ವೆಯಾಗಿ ಬಂದಾಗ ಮೊದ್ಲನೇ ಅಬ್ಬಕ್ಕೆ ಇವ್ನು ಬಾಗ್ನ ತಂದಿದ್ದ. ಜಗ್ಲಿ ಮ್ಯಾಲೆ ಕುಂತ್ಕಂಡು ಇಂಗೇ ಮಾತಾಡುದ್ವಿ. ನಿಮ್ಮಜ್ಜಿ ನೋಡ್ಬುಟ್ಟು, ಇದೇನೇ ಕೋತಿ ಆಟ ಅಂದ್ಲು. ಎಲ್ರೂ ನಕ್ರು. ಆವತ್ತೇ ಬಿಟ್ಟೆ. ಇವ್ನು ಒಂದೆರಡು ವರ್ಷ ಕೈಯೆತ್ತಿ ಕೇಳ್ದ. ನಾನು ಒಳೀಕೆ ಓಗ್ಬುಡ್ತಿದ್ದೆ. ಆಮ್ಯಾಕೆ ಅವ್ನೂ ಕೇಳ್ಲಿಲ್ಲ."

ಅವ್ವ ಆಗ ಅತ್ತಳು. ಮಾವ ಏನಾಯಿತೆಂದು ಗೊತ್ತಾಗದೆ ನನ್ನ ಮುಖ ನೋಡಿದರು, ಆಮೇಲೆ ಅವಳಿಗೆ ಒಂದು ಚೂರು ಬೆಲ್ಲ ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಮಾಕಳಿಗೆ ಹೋಗುವುದು ನಮಗೆ ರೂಢಿಯಾಯಿತು. ಒಂದು ಸಲ ಪಕ್ಕದ ಮನೆಯವರು ನೀರಿನ ಮೋಟಾರು ತಂದಿದ್ದರು. ನಾನು ನನ್ನ ಜಾಣತನ ತೋರಿಸಲು ಸ್ಕ್ರೂಡ್ರೈವರ್ ಇಟ್ಟು ಕೇಳಿ, ಬೇರಿಂಗು ಸರಿಯಾಗಿದೆ ಎಂದೆ. ಮಾವ ಓಡುತ್ತಿದ್ದ ಮೋಟಾರಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಕೈಯನ್ನು ನಿಧಾನವಾಗಿ ಹಿಂಬದಿಗೆ ಜರುಗಿಸಿದರು. ಒಂದು ಜಾಗದಲ್ಲಿ ನಿಲ್ಲಿಸಿ, ನನ್ನ ಕೈ ಹಿಡಿದು ಅಲ್ಲಿಗೆ ಒತ್ತಿದರು. ನನಗೇನೂ ಗೊತ್ತಾಗಲಿಲ್ಲ. ಬಿಚ್ಚಿ ನೋಡಿದರೆ ಹಿಂಬದಿಯ ಬೇರಿಂಗಿನಲ್ಲಿ ಉಗುರಿನಷ್ಟು ಅಗಲಕ್ಕೆ ಸವೆತವಿತ್ತು. ಮಾವ ನನ್ನ ಕಿವಿ ಹಿಂಡಿ, ಇದು ಬೇಡ ಎಂದು ಕೈಯಾಡಿಸಿ, ತಮ್ಮ ಅಂಗೈ ತೋರಿಸಿ ನಕ್ಕರು.

ಮಗಳಿಗೆ ಎರಡೂವರೆ ವರ್ಷವಾದಾಗ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಹೊರಗಿನ ಮೆಷಿನ್ ಹಾಕಿ ಚಾಲೂ ಮಾಡುವ ದಿನ, ಅವಳು ಅವ್ವನ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಮೇಜಿನ ಆ ಕಡೆಯಿಂದ ಕಂಪ್ಯೂಟರಿನಲ್ಲಿ ಸಣ್ಣ ಶಬ್ದ ಬಿಟ್ಟರು. ಅವಳ ಬಾಯಿ ಅಲ್ಲಾಡುವುದು ನಿಂತಿತು. ಇನ್ನೊಂದು ಶಬ್ದ ಬಿಟ್ಟರು. ಅವಳು ನಗಲಿಲ್ಲ, ಅಳಲಿಲ್ಲ. ತಾಯಿಯ ಕಡೆ ತಿರುಗಿ, ಬಿಸ್ಕತ್ತು ಹಿಡಿದಿದ್ದ ಕೈಯನ್ನೂ ಸೇರಿಸಿ ಎರಡೂ ಅಂಗೈ ಮೇಲಕ್ಕೆ ಮಾಡಿದಳು.

ಎಲ್ಲಿ?

ಏನೋ ಬಂದಿದೆ, ಕಾಣುತ್ತಿಲ್ಲ, ಎಲ್ಲಿದೆ ಎಂದು ಕೇಳುತ್ತಿದ್ದಳು. ಅಲ್ಲಿದ್ದ ಮೇಡಂ ಕುರ್ಚಿಗೆ ಒರಗಿ, "ಈ ವಯಸ್ಸಿನ ಮಗು ಹೀಗೆ ಕೇಳಿದ್ದನ್ನ ನಾನು ನೋಡಿರಲಿಲ್ಲ" ಎಂದರು.

ಮಾತು ಕಲಿಸುವ ಇನ್ನೊಬ್ಬ ಮೇಡಂ ಮೊದಮೊದಲು, "ಕೈ ಸನ್ನೆ ನಿಲ್ಲಿಸಿ, ಇಲ್ಲಾಂದ್ರೆ ಮಾತು ಬರೋದು ಕಷ್ಟ" ಎಂದಿದ್ದರು. ನನ್ನ ಹೆಂಡತಿ ಒಪ್ಪಲಿಲ್ಲ. "ಮೇಡಂ, ಅವಳು ಕೈಯಲ್ಲಿ ಪ್ರಶ್ನೆ ಕೇಳಿದ್ರೆ ನಾನು ಮುಖ ತಿರುಗಿಸ್ಕೊಂಡು ಕೂರಕ್ಕಾಗಲ್ಲ. ನಮ್ಮನೇಲಿ ಒಂದ್ಸಲ ಹಾಗೆ ಮಾಡಿದ್ದಾರೆ. ನೀವು ಹೇಳಿದಷ್ಟೂ ಮಾತು ಹೇಳ್ಕೊಡ್ತೀನಿ, ಕೈಮಾತೂ ಇರುತ್ತೆ" ಎಂದಳು. ಮೇಡಂ ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಬರೀ ಬಾಯಿ ಎಂಬ ಕರಾರಿಗೆ ಒಪ್ಪಿದರು. ಹೆಂಡತಿ ಅಕ್ಕಿ ಆರಿಸುವಾಗ, ಬಟ್ಟೆ ಒಣಗಿಸುವಾಗ, ಬಸ್ಸಿನಲ್ಲಿ, ಎಲ್ಲ ಕಡೆ ಮಗುವಿನ ಜೊತೆ ಮಾತಾಡಿದಳು. ಒಂದೇ ಮಾತನ್ನು ದಿನಕ್ಕೆ ನೂರು ಸಲ. ಏಳು ತಿಂಗಳಾದ ಮೇಲೆ ಒಂದು ಬೆಳಗ್ಗೆ ಮಗಳು ಕಾಂಪೌಂಡಿನ ಮೇಲಿದ್ದ ಬೆಕ್ಕನ್ನು ನೋಡಿ "ಬಾ" ಎಂದಳು. ಬೆಕ್ಕು ಬರಲಿಲ್ಲ. ನಾವೆಲ್ಲ ಓಡಿಬಂದೆವು.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಮದುವೆಯ ಮಾತು ಎದ್ದಿತು. ಅಕ್ಕನ ಮಗನಿಗೆ, ಅಂದರೆ ನನ್ನ ಹೆಂಡತಿಯ ತಮ್ಮನಿಗೆ, ನನಗಿಂತ ಮೊದಲೇ ಮದುವೆಯಾಗಿದ್ದ ನನ್ನ ತಮ್ಮನ ಮಗಳನ್ನು ತರುವುದೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವ್ವ ನಿಶ್ಚಯ ಮಾಡಿದ್ದಳು. ಒಂದು ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದೆವು. ಅಕ್ಕ ತಾಂಬೂಲದ ತಟ್ಟೆಯನ್ನೂ ತಂದಿದ್ದಳು. ಅವ್ವ ಬಾಗಿಲಿನ ಹತ್ತಿರ ಕೂತಿದ್ದವಳು ಅಲ್ಲಿಂದಲೇ, "ಬ್ಯಾಡ" ಎಂದಳು.

"ಏನ್ ಬ್ಯಾಡ?" ಎಂದಳು ಅಕ್ಕ.

"ಈ ಮದ್ವೆ ಬ್ಯಾಡ."

"ನೀನೇ ಅಲ್ವೇನವ್ವ ಮಾತು ಕೊಟ್ಟಿದ್ದು?"

"ಊಂ, ಕೊಟ್ಟಿದ್ದೆ. ಈಗ ನಾನೇ ವಾಪಸ್ ತಗತೀನಿ."

ಅಕ್ಕನ ಮುಖ ಕೆಂಪಾಯಿತು. ತಟ್ಟೆಯನ್ನು ನೆಲದ ಮೇಲಿಟ್ಟು, ಮೂಲೆಯಲ್ಲಿ ಆಡುತ್ತಿದ್ದ ನನ್ನ ಮಗಳ ಕಡೆ ಕೈ ತೋರಿಸಿ ಕೇಳಿದಳು. "ಅಂಗಾರೆ ನನ್ ಮೊಮ್ಮಗ್ಳು ಉಟ್ಟಿದ್ದೇ ತಪ್ಪಾ? ಅದನ್ನೇ ಅಲ್ವಾ ನೀನು ಯೋಳ್ತಿರೋದು?"

ಆ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇತ್ತು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವ್ವ ಮಂಡಿ ಹಿಡಿದುಕೊಂಡು ಎದ್ದು ಹೋಗಿ, ಮಗುವಿನ ಪಕ್ಕ ಕೂತು, ಅದರ ತಲೆ ಸವರಿದಳು.

"ಇವಳು ತಪ್ಪಲ್ಲ. ಇವಳನ್ನ ತಪ್ಪು ಅಂದೋರ ಬಾಯಿಗೆ ಮಣ್ಣಾಕ. ನಾನು ಯಾರನ್ನೂ ಕೇಳ್ದೆ ಕಟ್ಟುದ್ನಲ್ಲ, ಅದು ತಪ್ಪು." ಅವ್ವ ನನ್ನ ಹೆಂಡತಿಯ ಕಡೆ ನೋಡಿದಳು. "ಇವ್ಳು ಓದ್ಕಂಡು ಬಂದು ಯೋಳುದ್ಲು. ಕೇಳಲಿಲ್ಲ. ನನ್ ತಮ್ಮ ಕೈಯೆತ್ತಿ ಕೇಳ್ದ. ಅವನ್ನೂ ಕೇಳಲಿಲ್ಲ. ಈಗ ಆ ಉಡ್ಗೀನ ಕೇಳ್ರಿ, ಆ ಉಡ್ಗನ್ನ ಕೇಳ್ರಿ. ಎಲ್ಲಾ ತಿಳ್ಕಂಡು, ರಕ್ತ ಪರೀಕ್ಸೆ ಮಾಡುಸ್ಕಂಡು, ಆಗ್ಲೂ ಬೇಕು ಅಂದ್ರೆ ಆಗ್ಲಿ. ನಾನು ಮಾತ್ರ ಇನ್ಮೇಲೆ ಯಾರ್ ಕೈಯನ್ನೂ ಯಾರ್ ಕೈಗೂ ಇಡಾಕಿಲ್ಲ."

ಹುಡುಗಿಯನ್ನು ಕರೆದು ಕೇಳಿದರು. ಅವಳು ನೆಲ ನೋಡುತ್ತ, "ನಂಗೆ ಅವನು ಫ್ರೆಂಡ್ ಥರ ದೊಡ್ಡಪ್ಪ" ಎಂದಳು. ಹುಡುಗ ಜೋರಾಗಿ ಉಸಿರು ಬಿಟ್ಟು, "ನಂಗೂ ಅಷ್ಟೇ ಮಾಮ" ಎಂದ. ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅಕ್ಕ ಎರಡು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಆಮೇಲೆ ಮೊಮ್ಮಗಳನ್ನು ನೋಡದೆ ಇರಲಾರದೆ ಬಂದಳು. ಈಗ ಅವರಿಬ್ಬರಿಗೂ ಬೇರೆ ಬೇರೆ ಕಡೆ ಮದುವೆಯಾಗಿದೆ.

ನಾವು ಇನ್ನೊಂದು ಮಗು ಬೇಡವೆಂದು ನಿರ್ಧರಿಸಿದೆವು. ಅದು ಹೆಂಡತಿ ಮೊದಲು ಹೇಳಿ ನಾನು ಒಪ್ಪಿದ ನಿರ್ಧಾರ. ನಿಲ್ಲಿಸಿದ್ದ ಡಿಗ್ರಿಯನ್ನು ಅವಳು ಮನೆಯಲ್ಲೇ ಓದಿ ಮುಗಿಸಿದಳು. ಕಿವಿ ಕೇಳಿಸದ ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಪಡೆದು ಈಗ ಒಂದು ಶಾಲೆಯಲ್ಲಿದ್ದಾಳೆ. ಒಂದು ದಿನ ನಾನು ಧೈರ್ಯ ಮಾಡಿ ಕೇಳಿದೆ. "ಅವತ್ತು ನಿನ್ನ ಮಾತು ಕೇಳಿದ್ರೆ ನೀನು ನನ್ನ ಮದ್ವೆ ಆಗ್ತಿರಲಿಲ್ಲ ಅಲ್ವಾ?"

ಅವಳು ಮಕ್ಕಳಿಗೆಂದು ಚಿತ್ರಗಳನ್ನು ಕತ್ತರಿಸುತ್ತಿದ್ದಳು. "ಆಗ್ತಿರಲಿಲ್ಲ ಮಾಮ" ಎಂದಳು, ಕತ್ತರಿ ನಿಲ್ಲಿಸದೆ. ಆಮೇಲೆ, "ಕಾಫಿ ಮಾಡ್ತೀರಾ?" ಎಂದಳು. ನಾನು ಎದ್ದು ಹೋಗಿ ಮಾಡಿದೆ.

ಮಗಳಿಗೆ ಈಗ ಎಂಟು ವರ್ಷ. ಜಾಲಹಳ್ಳಿಯ ಒಂದು ಶಾಲೆಗೆ ಎಲ್ಲ ಮಕ್ಕಳ ಜೊತೆ ಹೋಗುತ್ತಾಳೆ. "ಶ" ಮತ್ತು "ಸ" ಇನ್ನೂ ಒಂದೇ. ಹಿಂದಿನಿಂದ ಕರೆದರೆ, ಗದ್ದಲದಲ್ಲಿ ಮಾತಾಡಿದರೆ ಕಷ್ಟಪಡುತ್ತಾಳೆ. ನಾನು ಗೊಣಗಿದರೆ, "ಅಪ್ಪಾ, ಬಾ ಬಿಟ್ಟು ಮಾತಾಡು" ಎಂದು ಗದರಿಸುತ್ತಾಳೆ. ಬಾಯಿ ಎಂದು ಪೂರ್ತಿ ಹೇಳುವಷ್ಟು ತಾಳ್ಮೆ ಅವಳಿಗಿಲ್ಲ. ಸ್ನಾನಕ್ಕೆ ಮೆಷಿನ್ ತೆಗೆದಿಟ್ಟಾಗ ಮನೆಯವರೆಲ್ಲ ಕೈಮಾತಿಗೆ ಇಳಿಯುತ್ತೇವೆ, ಅಕ್ಕನೂ ಸೇರಿ.

ಮಾಕಳಿ ಮಾವನಿಗೆ ಎಂಬತ್ತರ ಹತ್ತಿರ. ಕಳೆದ ಭಾನುವಾರ ಅವರನ್ನು ಕರೆದುಕೊಂಡು ನಾವು ನಾಗಸಂದ್ರದ ಕಡೆ ಹೋಗಿದ್ದೆವು. ತಲೆಯ ಮೇಲೆ ಮೆಟ್ರೋ ಹಾದುಹೋಯಿತು. ಮಾವ ತಲೆಯೆತ್ತಿ ನೋಡಿ, ಅಂಗೈಯನ್ನು ಹಾವಿನ ಹಾಗೆ ಗಾಳಿಯಲ್ಲಿ ಎತ್ತರಕ್ಕೆ ಜಾರಿಸಿದರು. ಮಗಳು ತಲೆಯಾಡಿಸಿದಳು, ಹಾಗಲ್ಲ ಎಂದು. ಈಗೀಗ ಅವಳು ತಾಯಿಯ ಶಾಲೆಯಲ್ಲಿ ಎಲ್ಲರೂ ಬಳಸುವ ಸಂಜ್ಞೆಗಳನ್ನೂ ಕಲಿಯುತ್ತಿದ್ದಾಳೆ. ರೈಲಿಗೆ ಅಲ್ಲಿ ಬೇರೆ ಇದೆ, ಅದನ್ನು ಮಾಡಿ ತೋರಿಸಿದಳು. ಮಾವ ಒಪ್ಪಲಿಲ್ಲ. ಅದು ನೆಲದ ಮೇಲೆ ಹೋಗುವ ರೈಲು, ಇದು ಮೇಲೆ ಹೋಗುತ್ತದೆ, ಇದಕ್ಕೆ ಹೊಗೆಯಿಲ್ಲ ಎಂದು ಕೈಯಲ್ಲಿ ವಾದ ಹೂಡಿದರು. ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಫುಟ್‌ಪಾತಿನ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಕೊನೆಗೆ ಒಪ್ಪಂದವಾಯಿತು. ಶಾಲೆಯಲ್ಲಿ ಅದು, ತಾತನ ಜೊತೆ ಇದು. ನಡುವೆ ನಿಂತ ನಾನು ಎರಡನ್ನೂ ಮಾಡಲು ಹೋಗಿ ಬೆರಳು ತಡವರಿಸಿದೆ. ಇಬ್ಬರೂ ಒಟ್ಟಿಗೆ ನನ್ನ ಕೈ ಹಿಡಿದು ತಿದ್ದಿದರು.